ಮೂರನೇ ಸಲದ ಅಳತೆ

ಫೆಬ್ರವರಿ ೩, ಸೋಮವಾರ

ಇವತ್ತು ನದಿ ದಾಟಿಸುವ ಲಾಂಚಿನ ಇಂಜಿನ್ ಹೊರಗೆ ಬಂತು. ಡೆಕ್ಕಿನ ಹಲಗೆ ಬಿಚ್ಚಿ, ಸರಪಳಿ ಬಿಗಿದು ಕ್ರೇನಿನವನು ಮೇಲೆತ್ತುವಾಗ ದೋಣಿ ರಿಪೇರಿ ಯಾರ್ಡಿನವರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ಮಸಿ ಹಿಡಿದ ಡೀಸೆಲ್ ಇಂಜಿನ್, ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನಗೇನೂ ಅನ್ನಿಸಲಿಲ್ಲ. ಅದರ ಜಾಗಕ್ಕೆ ಹೋಗಬೇಕಾದ ಕರೆಂಟಿನ ಮೋಟಾರು ನನ್ನ ಮೇಜಿನ ಪಕ್ಕದಲ್ಲೇ ಕೂತಿದೆ. ಗಾತ್ರದಲ್ಲಿ ಇಂಜಿನ್ನಿನ ಕಾಲು ಭಾಗವೂ ಇಲ್ಲ. ಅದನ್ನು ಕೂರಿಸುವ ದಿನಕ್ಕೇ ನಾನು ಕಾಯುತ್ತಿದ್ದೆ.

ಸಂಜೆ ಅಣ್ಣನ ಮನೆಗೆ ಹೋದೆ. ಹೋಗಲೇಬೇಕಿತ್ತು, ಆ ಇಂಜಿನ್ನನ್ನು ಮೂವತ್ತು ವರ್ಷ ಓಡಿಸಿದವನು ಅವನೇ. ಡೆಕ್ಕಿನ ಕೆಳಗಿನ ಗುಂಡಿಯಲ್ಲಿ ಕೂತು, ಮೇಲಿಂದ ಚಾಲಕ ಹೊಡೆಯುವ ಗಂಟೆ ಕೇಳಿಸಿಕೊಂಡು ಇಂಜಿನ್ನನ್ನು ಮುಂದಕ್ಕೋ ಹಿಂದಕ್ಕೋ ಹಾಕುವುದು ಅವನ ಕೆಲಸ. ಆ ಗುಂಡಿಯ ಹೊಗೆಯೇ ಅವನ ಶ್ವಾಸಕೋಶವನ್ನು ತಿಂದುಹಾಕಿತು. ಈಗ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು ರಸ್ತೆ ಕಡೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ.

"ತೆಗೆದ್ರಾ?" ಅಂದ.

"ತೆಗೆದ್ವಿ."

"ಅಳು ಬಂತಾ?"

"ನಂಗ್ಯಾಕೆ ಅಳು ಬರುತ್ತೆ? ಅದೇನು ನಿನ್ನ ಹೆಂಡ್ತಿನಾ?"

"ಹೆಂಡ್ತಿಗಿಂತ ಜಾಸ್ತಿ ಹೊತ್ತು ಅದರ ಜೊತೆನೇ ಇದ್ದೆ ಕಣೇ."

"ಕೇಳಿಸ್ತು," ಎಂದರು ಅತ್ತಿಗೆ ಒಳಗಿನಿಂದ.

ಸ್ವಲ್ಪ ಹೊತ್ತು ಕೂತು ಎದ್ದುಬಂದೆ. ಕಾಯಿಲೆಯವರ ಮನೆಯಲ್ಲಿ ಏನು ಮಾತಾಡಬೇಕೆಂದು ನನಗೆ ತಿಳಿಯುವುದಿಲ್ಲ. ಮೋಟಾರಾದರೆ ಎಲ್ಲಿ ನೋವು ಎಂದು ಬಿಸಿಯಾಗಿಯೋ ಸದ್ದು ಮಾಡಿಯೋ ತಾನೇ ಹೇಳುತ್ತದೆ.

ಫೆಬ್ರವರಿ ೮, ಶನಿವಾರ

ಮೋಟಾರು ಕೂತಿತು. ಡ್ರೈವನ್ನೂ ಗುಂಡಿಯ ಗೋಡೆಗೆ ಬಿಗಿದಾಯಿತು. ಯಾರ್ಡಿನ ಮ್ಯಾನೇಜರಿಗೆ ಡ್ರೈವ್ ಅಂದರೆ ಏನೆಂದು ಇನ್ನೊಮ್ಮೆ ಹೇಳಿಕೊಟ್ಟೆ. ಬ್ಯಾಟರಿಗೂ ಮೋಟಾರಿಗೂ ನಡುವೆ ಕೂತು, ಬೇಕಾದಾಗ ಬೇಕಾದಷ್ಟೇ ಕರೆಂಟು ಬಿಡುವ ಪೆಟ್ಟಿಗೆ. "ಅಂದ್ರೆ ನಮ್ಮನೆಯವಳ ಥರ," ಎಂದರು. ಇರಬಹುದು.

ಇಂಜಿನ್ ಇದ್ದಾಗ ಲಾಂಚು ಜೆಟ್ಟಿಯಲ್ಲಿ ಸುಮ್ಮನೆ ನಿಂತಿದ್ದರೂ ಬುಸುಬುಸು ಹೊಗೆ ಬಿಡುತ್ತಿತ್ತು, ಜನ ಹತ್ತುವ ತನಕವೂ ಡೀಸೆಲ್ ಉರಿಯುತ್ತಿತ್ತು. ಈಗ ನಿಂತರೆ ನಿಂತಿತು, ಖರ್ಚೇ ಇಲ್ಲ. ಜೆಟ್ಟಿಯ ಮಾಡಿನ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿದ್ದಾರೆ. ಜನ ಇಳಿದು ಹತ್ತುವಷ್ಟರಲ್ಲಿ ಬ್ಯಾಟರಿ ಒಂದು ಗುಟುಕು ಕುಡಿದುಕೊಳ್ಳುತ್ತದೆ. ಇದನ್ನೆಲ್ಲ ಅಣ್ಣನಿಗೆ ಹೇಳಬೇಕು. ಹೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾನೋ ಏನೋ.

ಫೆಬ್ರವರಿ ೧೧, ಮಂಗಳವಾರ

ಹೊಟ್ಟೆ ಉರಿದುಕೊಳ್ಳಲಿಲ್ಲ. ಕುರ್ಚಿಯಲ್ಲಿ ಮುಂದೆ ಬಾಗಿ ಒಂದೊಂದೇ ಕೇಳಿದ. ಅರ್ಧ ವೇಗದಲ್ಲಿ ಹೋದರೆ ಎಷ್ಟು ಕರೆಂಟು ಎಳೆಯುತ್ತೆ ಎಂದ. ನೀರಿನಲ್ಲಿ ವೇಗ ಅರ್ಧ ಮಾಡಿದರೆ ಶಕ್ತಿ ಎಂಟರಲ್ಲಿ ಒಂದು ಪಾಲು ಸಾಕು ಎಂದೆ.

"ಹಂಗಾದ್ರೆ ನಾನು ಈಗ ಬಚ್ಚಲಿಗೆ ಹೋಗೋ ಥರ. ನಿಧಾನಕ್ಕೆ ಹೋದ್ರೆ ಮುಟ್ತೀನಿ. ಅವಸರ ಮಾಡಿದ್ರೆ ನಡುಮನೆಯಲ್ಲೇ ಬ್ಯಾಟರಿ ಖಾಲಿ."

ನಾವಿಬ್ಬರೂ ನಕ್ಕೆವು. ಅವನ ನಗು ಕೆಮ್ಮಾಯಿತು, ಅತ್ತಿಗೆ ಓಡಿಬಂದು ಬೆನ್ನು ಸವರಿದರು, ನನ್ನನ್ನು ದುರುಗುಟ್ಟಿ ನೋಡಿದರು.

ಕೆಮ್ಮು ಇಳಿದ ಮೇಲೆ ಕೇಳಿದ. "ಹೊಗೆ ಇರಲ್ಲ ಅಂತೀಯಲ್ಲ. ಹಂಗಾದ್ರೆ ನಾನೂ ಹತ್ತಬಹುದಾ?"

ಈಗಿನ ಸ್ಥಿತಿಯಲ್ಲಿ ಹೊಗೆಯ ಒಂದು ಎಳೆ ಸೋಕಿದರೂ ಅವನಿಗೆ ಉಸಿರು ಕಟ್ಟುತ್ತದೆ, ಅದಕ್ಕೇ ಕೆಲಸ ಬಿಟ್ಟಮೇಲೆ ಜೆಟ್ಟಿಯ ಕಡೆ ಸುಳಿದಿಲ್ಲ. ಯಾಕೆ ಹತ್ತಬೇಕು ಎಂದೆ.

"ಮೂವತ್ತು ವರ್ಷ ದಿನಾ ಆ ದಡ ಈ ದಡ ಓಡಾಡಿದ್ದೀನಿ. ನಡುನೀರು ಹೆಂಗಿರುತ್ತೆ ಅಂತ ಒಂದು ಸಲಾನೂ ನೋಡಿಲ್ಲ. ಗುಂಡಿಗೆ ಇಳಿಯೋವಾಗ ಈ ದಡ, ಹತ್ತೋವಾಗ ಆ ದಡ. ಅಷ್ಟೇ."

"ರಜೆ ಇದ್ದಾಗ ಮೇಲೆ ಕೂತು ಹೋಗಬಹುದಿತ್ತಲ್ಲ?"

"ರಜೆ ದಿನ ಯಾವನೇ ಲಾಂಚ್ ಹತ್ತುತ್ತಾನೆ?"

ಅದೂ ನಿಜ. ಮನೆಗೆ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವನ ಆಕ್ಸಿಜನ್ ಮಷೀನಿನ ಒಳಗೂ ಒಂದು ಪುಟ್ಟ ಮೋಟಾರೇ ಇರುವುದು, ಗೋಡೆಯ ಪ್ಲಗ್ ಬಿಟ್ಟರೆ ಅದು ಓಡುವುದಿಲ್ಲ. ಲಾಂಚಿನ ಬ್ಯಾಟರಿಯಿಂದ ಡೆಕ್ಕಿನ ಮೇಲೆ ಒಂದು ಪ್ಲಗ್ ಪಾಯಿಂಟ್ ಎಳೆದರೆ ಆಯಿತು. ಡೆಕ್ಕಿನ ಮುಂಭಾಗದಲ್ಲಿ ಒಂದು ಕುರ್ಚಿ. ದೊಡ್ಡ ಕೆಲಸವೇನಲ್ಲ.

ಫೆಬ್ರವರಿ ೧೪, ಶುಕ್ರವಾರ

ಮೊದಲ ಟ್ರಯಲ್. ಈ ಲಾಂಚಿನ ಚಾಲಕರಿಗೆ ಎಲ್ಲರೂ ರೇಡಿಯೋ ಅನ್ನುತ್ತಾರೆ, ಬಾಯಿ ಮುಚ್ಚುವುದೇ ಇಲ್ಲ. ಗಂಟೆ ಹೊಡೆಯುವ ಕಾಲ ಮುಗಿಯಿತು, ಇನ್ನು ನೀವೇ ರಾಜ ಎಂದು ಹೇಳಿ ಡ್ರೈವಿನ ಹಿಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಜೋರಾಗಿ ಮುಂದಕ್ಕೆ ಒತ್ತಿದರು. ಲಾಂಚು ಗಂಭೀರವಾಗಿ ಹಿಂದಕ್ಕೆ ಹೋಗಿ ಜೆಟ್ಟಿಗೆ ಗುದ್ದಿತು. ನೋಡಲು ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡು ಅದಲುಬದಲಾಗಿದ್ದವು. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ನಾನು ಮಾಡಿದ ಘನಂದಾರಿ ಕೆಲಸ! ಬದಲಿಸಿದೆ. ಆಮೇಲೆ ಎಷ್ಟು ನುಣ್ಣಗೆ ಹೋಯಿತೆಂದರೆ ರೇಡಿಯೋ ಕೂಡ ಸ್ವಲ್ಪ ಹೊತ್ತು ಸುಮ್ಮನಾದರು.

ಅಣ್ಣನಿಗೆ ಹೇಳಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಹಿಂದಕ್ಕೆ ಹೋಯ್ತಾ? ಮೋಟಾರಮ್ಮನ ಲಾಂಚು ಹಿಂದಕ್ಕೆ ಹೋಯ್ತಾ?" ನಾನು ಶಾಲೆ ಬಿಟ್ಟು ಮೋಟಾರ್ ರಿಪೇರಿ ಕಲಿಯಲು ಹೋದಾಗ ಇಟ್ಟ ಹೆಸರು ಅದು, ಇನ್ನೂ ಬಿಟ್ಟಿಲ್ಲ.

ಫೆಬ್ರವರಿ ೧೮, ಮಂಗಳವಾರ

ಮೋಟಾರಿನ ಶಾಫ್ಟೂ ನೀರು ತಳ್ಳುವ ಫ್ಯಾನಿನ ಶಾಫ್ಟೂ ಒಂದೇ ಗೆರೆಯಲ್ಲಿ ಇರಬೇಕು. ಇಲ್ಲದಿದ್ದರೆ ನಡುಕ ಹುಟ್ಟಿ ಬೇರಿಂಗು ಸವೆಯುತ್ತದೆ. ಇವತ್ತು ಗೇಜ್ ಇಟ್ಟು ಅಳೆದೆ. ಮುಳ್ಳು ಅಲ್ಲಾಡಲೇ ಇಲ್ಲ ಅನ್ನಬೇಕು, ಅಂದರೆ ಗೆರೆ ಸರಿ ಇದೆ. ಖಾತ್ರಿಗೆ ಇನ್ನೊಮ್ಮೆ ಅಳೆದೆ, ಅದೇ. ಡೆಕ್ಕಿನ ಮೇಲೆ ಕುರ್ಚಿಯನ್ನೂ ಬಿಗಿದಾಯಿತು, ಪ್ಲಗ್ಗನ್ನೂ ಎಳೆದಾಯಿತು. ಬರುವ ವಾರ ತಪಾಸಣೆಯ ಅಧಿಕಾರಿಗೆ ಬರಲು ಹೇಳಿ ಎಂದು ಮ್ಯಾನೇಜರಿಗೆ ಹೇಳಿದೆ.

ಫೆಬ್ರವರಿ ೧೯, ಬುಧವಾರ

ವಾರಕ್ಕೊಮ್ಮೆ ಬರುವ ನರ್ಸ್ ಅಣ್ಣನ ಮನೆಯಿಂದ ಹೊರಡುತ್ತಿದ್ದರು. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು.

"ತಂಗಿ ಅಲ್ವಾ ನೀವು? ಅವರ ಶ್ವಾಸಕೋಶ ನೋಡಿದ್ರೆ ಇಷ್ಟು ದಿನ ಇರೋದೇ ಹೆಚ್ಚು. ಯಾವಾಗ ಹೋದ್ರೂ ಆ ಲಾಂಚಿನ ಮಾತೇ. ಅದಕ್ಕೋಸ್ಕರನೇ ಜೀವ ಹಿಡ್ಕೊಂಡಿದ್ದಾರೆ."

"ಹತ್ತಿಸಿದ್ರೆ ಸರಿ ಹೋಗ್ತಾನಾ?"

ಅವರು ನನ್ನ ಮುಖ ನೋಡಿ, "ಹಂಗಲ್ಲಮ್ಮ. ಹಿಂಗೆ ಏನೋ ಒಂದಕ್ಕೆ ಕಾಯ್ತಾ ಇರೋರನ್ನ ತುಂಬ ನೋಡಿದ್ದೀನಿ. ಅದು ಆಗೋವರೆಗೂ ಇರ್ತಾರೆ. ಆದ್ಮೇಲೆ..." ಎಂದು ಹೇಳಿ ಛತ್ರಿ ಬಿಡಿಸಿಕೊಂಡು ಹೋದರು.

ಒಳಗೆ ಅಣ್ಣ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದ. "ಬರೋ ವಾರ ಅಲ್ವೇನೇ?" ಎಂದ.

ಫೆಬ್ರವರಿ ೨೦, ಗುರುವಾರ

ಗೇಜನ್ನು ನಂಬಲು ಬರುವುದಿಲ್ಲ. ಹಳೆಯ ಗೇಜ್ ಅದು. ತಪಾಸಣೆ ಮುಂದಕ್ಕೆ ಹಾಕಿ ಎಂದು ಮ್ಯಾನೇಜರಿಗೆ ಹೇಳಿದೆ.

ಫೆಬ್ರವರಿ ೨೫, ಮಂಗಳವಾರ

ಹೊಸ ಗೇಜ್ ಬಂತು. ಅಳತೆ ಅದೇ ಬಂತು. ಆದರೆ ಲಾಂಚು ಯಾರ್ಡಿನಲ್ಲಿ ನಿಂತಾಗ ಒಂದು ಥರ, ನೀರಿನಲ್ಲಿ ಜನ ತುಂಬಿದಾಗ ಇನ್ನೊಂದು ಥರ. ಮರಳಿನ ಚೀಲ ಹೇರಿಸಿ ನೋಡಬೇಕು. ಇದನ್ನು ಮೊದಲೇ ಯೋಚಿಸಬೇಕಿತ್ತು.

ಅಣ್ಣನ ಬೆನ್ನಿಗೆ ಎರಡು ದಿಂಬು ಇಟ್ಟಿದ್ದಾರೆ. ಕುರ್ಚಿ ಗಟ್ಟಿಯಾಯಿತಂತೆ. ಈಗ ದಿನಾ ಸಂಜೆ ಹೋಗುತ್ತಿದ್ದೇನೆ. ಕೆಲಸದ ವಿಷಯ ಕೇಳುತ್ತಾನಲ್ಲ, ಅದಕ್ಕೆ.

ಮಾರ್ಚ್ ೧, ಶನಿವಾರ

ಮರಳಿನ ಚೀಲ ಹೇರಿಸಿ ಓಡಿಸಿದ್ದಾಯಿತು. ನಡುಕವೇನೂ ಇಲ್ಲ. ಆದರೆ ಮೆಲ್ಲಗೆ ಹೊರಡುವಾಗ ಡ್ರೈವಿನಿಂದ ಸಣ್ಣಗೆ ಕೀ ಎನ್ನುವ ಸದ್ದು. ಯಾರಿಗೂ ಕೇಳಿಸುವುದಿಲ್ಲವಂತೆ. ನನಗೆ ಕೇಳಿಸುತ್ತದೆ. ಅಣ್ಣ ಪಕ್ಕದಲ್ಲಿ ಕೂತಿರುವಾಗ ಅದು ಕೇಳಿಸಬಾರದು. ಸೆಟ್ಟಿಂಗು ಬದಲಿಸುತ್ತ ಇಡೀ ದಿನ ಕಳೆದೆ.

"ಮೇಡಂ, ಇದು ಲಾಂಚು, ಗಡಿಯಾರ ಅಲ್ಲ," ಎಂದರು ಮ್ಯಾನೇಜರ್. ಗಡಿಯಾರ ತಪ್ಪಿದರೆ ಯಾರೂ ಮುಳುಗುವುದಿಲ್ಲ ಎಂದೆ. ತಲೆ ಚಚ್ಚಿಕೊಂಡು ಹೋದರು.

ಮಾರ್ಚ್ ೪, ಮಂಗಳವಾರ

ಅಣ್ಣ ಇವತ್ತು ಕುರ್ಚಿಗೆ ಬರಲಿಲ್ಲ. ಮಂಚದಲ್ಲೇ ದಿಂಬಿಗೆ ಒರಗಿ ಕೂತಿದ್ದ. ಬೆಳಗ್ಗೆ ಬಚ್ಚಲಿಗೆ ಹೋಗಿಬಂದು ಸುಸ್ತಾಗಿದೆ ಅಷ್ಟೇ ಎಂದ. ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ಚಹಾ ಕೊಟ್ಟರು. ನಾವಿಬ್ಬರೂ ಹಿಂದೆ ಎಂದಾದರೂ ಹಾಗೆ ಒಟ್ಟಿಗೆ ನಿಂತು ಚಹಾ ಕುಡಿದದ್ದು ನನಗೆ ನೆನಪಿಲ್ಲ.

"ಯಾವಾಗಮ್ಮ ಮುಗಿಯೋದು?" ಎಂದರು.

"ಸಣ್ಣಪುಟ್ಟದು ಉಳಿದಿದೆ ಅತ್ತಿಗೆ. ಅವನು ಹತ್ತೋವಾಗ ಏನೂ ಆಗಬಾರದಲ್ಲ."

ಅವರು ಲೋಟ ತೊಳೆಯುತ್ತ ನಿಂತರು.

ಮಾರ್ಚ್ ೫, ಬುಧವಾರ

ಬೇರಿಂಗ್ ಬದಲಿಸುವುದು ಒಳ್ಳೆಯದು. ಹೊಸದೇ, ಆದರೂ.

ಮಾರ್ಚ್ ೮, ಶನಿವಾರ

ಇವತ್ತು ಜಗಳವಾಯಿತು.

ಬೇರಿಂಗ್ ಬದಲಿಸಿದ ಮೇಲೆ ಶಾಫ್ಟಿನ ಗೆರೆ ಮತ್ತೆ ನೋಡಬೇಕಲ್ಲ, ಅದಕ್ಕೆ ಇನ್ನೊಂದು ವಾರ ಬೇಕು ಎಂದೆ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸುತ್ತ ಮಾತಾಡಿದ.

"ಎರಡು ಗೇಜಲ್ಲೂ ಸರಿ ಬಂದಿದ್ದು... ಮೂರನೇ ಸಲ ಅಳೆಯೋ ಹಂಗೆ ಯಾಕೆ ಬಿಚ್ಚಿದೆ?"

"ನಿಂಗೆ ಮೋಟಾರಿನ ವಿಷಯ ಗೊತ್ತಾಗಲ್ಲ ಅಣ್ಣ. ಡೀಸೆಲ್ ಥರ ಅಲ್ಲ ಇದು."

"ಶಾಫ್ಟು ಶಾಫ್ಟೇ ಕಣೇ." ಮತ್ತೆ ಉಸಿರು ಎಳೆದುಕೊಂಡು, "ನರ್ಸಮ್ಮ ನಂಗೂ ಹೇಳಿದ್ರು. ನಿಂಗೆ ಹೇಳಿದ್ದನ್ನೇ."

"ಏನು ಹೇಳಿದ್ರು? ಏನೂ ಹೇಳಿಲ್ಲ. ನಂಗೆ ನನ್ನ ಕೆಲಸ ಮಾಡೋಕೆ ಬಿಡಿ ಎಲ್ಲರೂ!"

ಕೂಗಿದೆ. ಮಂಚದ ಮೇಲಿರುವ ಮನುಷ್ಯನ ಮೇಲೆ ಕೂಗಿದೆ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಹಿಂದಿನಿಂದ ಅವನು ಏನೋ ಹೇಳುತ್ತಿದ್ದ, ದನಿ ಬಾಗಿಲ ತನಕ ಬರಲಿಲ್ಲ.

ಡೀಸೆಲ್ಲಿನವರಿಗೆ ಎಲ್ಲವೂ ಅಂದಾಜು. ಕೈಯಿಟ್ಟು ನೋಡಿ ಸರಿ ಇದೆ ಅಂತಾರೆ. ನಾನು ಹಾಗೆ ಕೆಲಸ ಕಲಿತವಳಲ್ಲ.

ಮಾರ್ಚ್ ೯, ಭಾನುವಾರ

ಯಾರ್ಡಿಗೆ ರಜೆ. ಆದರೂ ಹೋದೆ. ಯಾರೂ ಇರಲಿಲ್ಲ. ಗುಂಡಿಗೆ ಇಳಿದು ಮೋಟಾರಿನ ಪಕ್ಕ ಕೂತೆ. ಸುತ್ತ ನಾಲ್ಕು ಗೋಡೆ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಮೂವತ್ತು ವರ್ಷ ಇಲ್ಲಿ ಹೇಗೆ ಕೂತಿದ್ದನೋ. ಗೇಜ್ ಇಟ್ಟೆ. ಮುಳ್ಳು ಅಲ್ಲಾಡಲಿಲ್ಲ. ಅದನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದೆ.

ಮಾರ್ಚ್ ೧೦, ಸೋಮವಾರ

ತಪಾಸಣೆಗೆ ಕರೆಯಿರಿ ಎಂದು ಮ್ಯಾನೇಜರಿಗೆ ಹೇಳಿದೆ. "ಸದ್ಯ, ಬದುಕಿಕೊಂಡೆ," ಎಂದರು.

ಮಾರ್ಚ್ ೧೪, ಶುಕ್ರವಾರ

ತಪಾಸಣೆ ಮುಗಿಯಿತು. ಅಧಿಕಾರಿ ಎಲ್ಲ ನೋಡಿ, ಇಷ್ಟು ಚೆನ್ನಾಗಿ ಕೂರಿಸಿದ್ದನ್ನು ನೋಡಿಲ್ಲ ಎಂದು ಹೊಗಳಿದರು. ಮೊದಲ ಟ್ರಯಲ್‌ಗೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಹೆಚ್ಚೇನಿಲ್ಲ ಎಂದೆ.

ಭಾನುವಾರ ಅಣ್ಣನನ್ನು ಕರೆದುಕೊಂಡು ಹೋಗುವುದು.

ಮಾರ್ಚ್ ೧೬, ಭಾನುವಾರ

ಬರೆಯಬೇಕು. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಗ್ಗೆ ಯಾರ್ಡಿನ ನಾಲ್ಕು ಜನ ಬಂದರು. ಅಣ್ಣನನ್ನು ಕೂರಿಸಲು ನೋಡಿದರು. ಕೂರಿಸಿದ ತಕ್ಷಣ ತುಟಿ ನೀಲಿಯಾಯಿತು, ತಲೆ ಒಂದು ಕಡೆ ವಾಲಿತು. ಜೊತೆಗೆ ಬಂದಿದ್ದ ನರ್ಸ್, ಕೂರಿಸುವುದು ಬೇಡವೇ ಬೇಡ ಎಂದರು. ಮಲಗಿಸಿಯೇ ಕರೆದುಕೊಂಡು ಹೋಗಿ ಎಂದರು. ದಾರಿಯ ಮಟ್ಟಿಗೆ ನರ್ಸ್ ತಂದಿದ್ದ ಪುಟ್ಟ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಸಿಕ್ಕಿಸಿ, ಹಾಸಿಗೆ ಸಮೇತ ಸ್ಟ್ರೆಚರಿನಲ್ಲಿ ಎತ್ತಿಕೊಂಡು ಜೆಟ್ಟಿಗೆ ಬಂದೆವು. ಡೆಕ್ಕಿನ ಮೇಲೆ ಬಿಗಿದ ಕುರ್ಚಿ ಅಡ್ಡ ಬಂತು. ನಾನೇ ಬೋಲ್ಟು ಬಿಚ್ಚಿ ಅದನ್ನು ತೆಗೆದು ಪಕ್ಕಕ್ಕೆ ಇಟ್ಟೆ.

ಆಕ್ಸಿಜನ್ ಮಷೀನನ್ನು ಪ್ಲಗ್ಗಿಗೆ ಹಾಕಿದೆ, ಗೊರ್ ಎಂದು ಓಡಿತು. ರೇಡಿಯೋ ಮಾತೇ ಆಡದೆ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದರು. ಲಾಂಚು ಜೆಟ್ಟಿ ಬಿಟ್ಟಿದ್ದು ಅಣ್ಣನಿಗೆ ಗೊತ್ತೇ ಆಗಲಿಲ್ಲ.

"ಹೊರಟ್ವಾ?" ಎಂದ.

"ಹೊರಟು ಆಗಲೇ ಎಷ್ಟೋ ದೂರ ಬಂದ್ವಿ."

"ಸದ್ದೇ ಇಲ್ಲ." ಕಣ್ಣಲ್ಲಿ ಬೆರಗು. "ಕೆಮ್ಮೂ ಬರ್ತಿಲ್ಲ ನೋಡು."

ನಡುನೀರಿಗೆ ಬಂದೆವು. "ಅಣ್ಣ, ನಡುವಿಗೆ ಬಂದ್ವಿ. ಕಾಣಿಸ್ತಿದೆಯಾ?" ಎಂದು ಕೇಳಿದೆ.

ಅವನು ಕಣ್ಣು ಅತ್ತ ಇತ್ತ ಆಡಿಸಿದ. ಲಾಂಚಿನ ಬದಿಯ ತಗಡು ಅವನ ತಲೆಗಿಂತ ಎತ್ತರವಿತ್ತು. "ಆಕಾಶ ಕಾಣಿಸ್ತಿದೆ," ಎಂದ.

ಅವನ ತಲೆ ಎತ್ತಿ ಹಿಡಿಯಲು ಹೋದೆ. ಅತ್ತಿಗೆ ನನ್ನ ಕೈ ಹಿಡಿದರು. ಅವನಿಗೆ ಕೇಳಿಸದಂತೆ, "ಹೋದ ತಿಂಗಳು ಕೂತ್ಕೊಳ್ತಿದ್ರು," ಎಂದರು. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಲಾಂಚು ತಯಾರಾಗಿದ್ದಾಗ ಅವನು ಕುರ್ಚಿಯಲ್ಲಿ ಕೂತು ಮುಂದೆ ಬಾಗಿ ಮಾತಾಡುತ್ತಿದ್ದ. ಅವನು ಇನ್ನಷ್ಟು ದಿನ ಇರಲಿ ಎಂದು ನಾನು ಬೋಲ್ಟು ಬಿಚ್ಚುತ್ತ ಕಟ್ಟುತ್ತ ಇದ್ದೆ. ಅವನು ಇದ್ದ, ನಿಜ. ಆದರೆ ಅವನು ಕೇಳಿದ್ದು ದಿನಗಳನ್ನಲ್ಲ.

ಅಣ್ಣ ರೇಡಿಯೋ ಕಡೆ ಕೈ ಎತ್ತಿ, "ಒಂದು ಚೂರು ನಿಲ್ಲಿಸೋಕಾಗುತ್ತಾ?" ಎಂದ. ಡೀಸೆಲ್ಲಿನ ಕಾಲದಲ್ಲಿ ನಡುನೀರಿನಲ್ಲಿ ಇಂಜಿನ್ ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ, ಮತ್ತೆ ಸ್ಟಾರ್ಟ್ ಆಗದಿದ್ದರೆ ಗತಿಯೇನು. ರೇಡಿಯೋ ಹಿಡಿ ಹಿಂದಕ್ಕೆ ತಂದರು. ಮೋಟಾರು ನಿಂತಿತು. ನೀರು ತಗಡಿಗೆ ಬಡಿಯುವ ಸದ್ದು ಮಾತ್ರ.

"ಏನು ಕಾಣಿಸ್ತಿದೆ ಹೇಳು," ಎಂದ ನನಗೆ.

"ಇಲ್ಲಿಂದ ಆ ದಡಕ್ಕೆ ಸುಮಾರು ನಾನೂರು ಅಡಿ..."

"ಅಳತೆ ಬೇಡ ಮೋಟಾರಮ್ಮ. ಕಾಣಿಸಿದ್ದು ಹೇಳು."

ನಾನು ಎದ್ದು ನಿಂತು ನೋಡಿದೆ. ಹುಟ್ಟಿದಾಗಿನಿಂದ ಈ ನದಿಯ ಪಕ್ಕದಲ್ಲೇ ಇದ್ದೇನೆ, ಹೀಗೆ ನೋಡಿರಲಿಲ್ಲ. ಹೇಳತೊಡಗಿದೆ. ದಡದ ಹತ್ತಿರ ನೀರು ಕೆಂಚಗಿದೆ, ನಡುವೆ ಮಾತ್ರ ಕಪ್ಪು ಹಸಿರು. ಎರಡೂ ಸೇರುವ ಕಡೆ ಒಂದು ಗೆರೆ ಇದೆ, ನೇರವಾಗಿಲ್ಲ, ಅಲ್ಲಾಡುತ್ತಿದೆ. ಬಿಸಿಲು ಬಿದ್ದ ಕಡೆ ನೀರು ಕಣ್ಣು ಕುಕ್ಕುತ್ತಿದೆ. ಒಂದು ನೀರುಕಾಗೆ ಮುಳುಗಿತು, ಇನ್ನೂ ಮೇಲೆ ಬಂದಿಲ್ಲ. ಬಂತು, ತುಂಬ ದೂರದಲ್ಲಿ ಬಂತು. ನಿಮ್ಮ ಅಡುಗೆಮನೆಯ ಕಿಟಕಿ ಕಾಣಿಸುತ್ತಿದೆ, ಅತ್ತಿಗೆ ಪರದೆ ಎಳೆಯದೆ ಬಂದಿದ್ದಾರೆ.

"ಇಲ್ಲಿಂದ ಕಿಟಕಿ ಕಾಣುತ್ತಾ?" ಎಂದ. "ಥೂ, ಗೊತ್ತಿದ್ರೆ ದಿನಾ ಇವಳಿಗೆ ಕೈ ಬೀಸಬಹುದಿತ್ತು."

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಹೇಳುತ್ತಲೇ ಇದ್ದೆ. ನಿಲ್ಲಿಸಲು ಆಗಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳತೊಡಗಿದಾಗ ಅವನು ನನ್ನ ಕಾಲನ್ನು ಮುಟ್ಟಿ, "ಸಾಕು, ನೋಡ್ದೆ. ಹೊರಡ್ಲಿ," ಎಂದ.

ಮಾರ್ಚ್ ೨೦, ಗುರುವಾರ

ಅಣ್ಣ ಬೆಳಗ್ಗೆ ಹೋದ. ಅತ್ತಿಗೆ ನೀರು ಕುಡಿಸುತ್ತಿದ್ದರು. ನಾನು ದಾರಿಯಲ್ಲಿದ್ದೆ.

ಮಾರ್ಚ್ ೨೯, ಶನಿವಾರ

ಲಾಂಚು ಜನರನ್ನು ಸಾಗಿಸಲು ಶುರುಮಾಡಿದೆ. ತುಂಬ ಚೆನ್ನಾಗಿದೆಯಂತೆ. ಮಾತಾಡಿದರೆ ಒಬ್ಬರಿಗೊಬ್ಬರು ಕೇಳಿಸುತ್ತದೆಯಂತೆ.

ಅತ್ತಿಗೆಯ ಮನೆಗೆ ಸಂಜೆ ಹೋಗುತ್ತಿದ್ದೇನೆ. ಸುಮ್ಮನೆ ಕೂರುತ್ತೇವೆ. ಹೇಳಲು ಏನೂ ಇಲ್ಲದಿದ್ದರೂ ಕೂರಬಹುದು ಎಂದು ಈಗ ಗೊತ್ತಾಗಿದೆ.

ಏಪ್ರಿಲ್ ೨೪, ಗುರುವಾರ

ಎರಡನೇ ಲಾಂಚಿಗೂ ಮೋಟಾರು ಕೂತಿತು. ಅದರ ಇಂಜಿನ್ ನೋಡಿಕೊಳ್ಳುತ್ತಿದ್ದವರು ಏನಾದರೊಂದು ನೆಪ ಮಾಡಿಕೊಂಡು ಯಾರ್ಡಿಗೆ ಬರುತ್ತಾರೆ. ಒಂದು ದಿನ ಪಾನಾ ಮರೆತೆ ಅನ್ನುತ್ತಾರೆ, ಇನ್ನೊಂದು ದಿನ ಬ್ಯಾಟರಿ ನೋಡೋಣ ಅಂತ ಬಂದೆ ಅನ್ನುತ್ತಾರೆ. ಅವರಿಗೂ ಕೆಮ್ಮು ಶುರುವಾಗಿದೆ. ಕೈಯಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿ ಕೆಮ್ಮುತ್ತಾರೆ.

ಇವತ್ತು ಅಳತೆ ನೋಡಿದೆ. ಮುಳ್ಳು ಒಂದು ಕೂದಲೆಳೆಯಷ್ಟು ಅಲ್ಲಾಡಿತು. ಮಿತಿಯ ಒಳಗೇ ಇದೆ. "ಬಿಚ್ತೀರಾ ಮೇಡಂ?" ಎಂದರು ಮ್ಯಾನೇಜರ್, ಹೆದರಿಕೊಂಡೇ.

"ನಾಳೆ ನೋಡೋಣ. ಈಗ ಒಂದು ಸುತ್ತು ಹೋಗಿಬರ್ತೀವಿ," ಎಂದೆ.

ಆ ಇಂಜಿನ್ನಿನವರನ್ನು ಕರೆದೆ. ಅವರು ಲಾಂಚಿಗೆ ಹತ್ತಿದವರೇ ನೇರ ಗುಂಡಿಯ ಮೆಟ್ಟಿಲಿಗೆ ಕಾಲಿಟ್ಟರು. "ಅಲ್ಲಿ ನಿಮಗೇನೂ ಕೆಲಸ ಇಲ್ಲ, ಮುಂದೆ ಬನ್ನಿ," ಎಂದು ಹೇಳಿ ಡೆಕ್ಕಿನ ತುದಿಯಲ್ಲಿ ಕೂರಿಸಿದೆ. ಸಂಕೋಚದಿಂದ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತರು. ಜೆಟ್ಟಿ ದೂರವಾಗುತ್ತ ಹೋಯಿತು. ನಡುನೀರಿಗೆ ಬಂದಾಗ ಅವರು ಕಂಬಿ ಹಿಡಿದು ತಾವಾಗಿಯೇ ಎದ್ದು ನಿಂತರು. ಎರಡೂ ಕಾಲ ಮೇಲೆ ನೆಟ್ಟಗೆ ನಿಂತು, ಆ ಕಡೆ ಈ ಕಡೆ ತಿರುಗಿ ನೋಡಿದರು. ನಾನು ಬೆನ್ನು ತಿರುಗಿಸಿ ಅತ್ತೆ.